ನೂಲಿನಲ್ಲಿ ಬೆಳೆದ ಹವಳದ ದಿಬ್ಬ

ಒಂದು ಕಾಲಕ್ಕೆ ನಮ್ಮ ಮನೆಗಳಲ್ಲಿ ಕ್ರೋಶಾ ಎಂದರೆ ರೇಡಿಯೊ ಮೇಲಿನ ಹೊದಿಕೆ, ಟೀಪಾಯಿಯ ಬಟ್ಟೆ, ಬಾಗಿಲ ತೋರಣ. ಊಟವಾದ ಮೇಲಿನ ಬಿಡುವಿನ ಕೆಲಸ ಅದು. ಅದೇ ಕೊಕ್ಕೆ ಕಡ್ಡಿಯನ್ನು 1997ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲಾಟ್ವಿಯಾ ಮೂಲದ ಗಣಿತಜ್ಞೆ ಡೈನಾ ಟೈಮಿನಾ ಪಾಠದ ಸಾಮಗ್ರಿಯಾಗಿ ಕೈಗೆತ್ತಿಕೊಂಡರು.

ಅವರಿಗೆ ಬೇಕಾಗಿದ್ದುದು ಹೈಪರ್‌ಬಾಲಿಕ್ ಮೇಲ್ಮೈಯ ಮಾದರಿ. ಯೂಕ್ಲಿಡ್‌ನ ಸಮಾಂತರ ರೇಖೆಗಳ ನಿಯಮ ನಡೆಯದ ಈ ಜ್ಯಾಮಿತಿಯನ್ನು ಬೊಯಾಯ್, ಲೊಬಚೆವ್‌ಸ್ಕಿ ಹತ್ತೊಂಬತ್ತನೆಯ ಶತಮಾನದಲ್ಲೇ ಕಟ್ಟಿಕೊಟ್ಟಿದ್ದರು. ಆದರೆ ಅದನ್ನು ಕೈಯಲ್ಲಿ ಹಿಡಿದು ತೋರಿಸುವುದು ಕಷ್ಟವಾಗಿತ್ತು. ಕಾಗದ ಅಂಟಿಸಿ ಮಾಡಿದ ಮಾದರಿಗಳು ಬೇಗ ಹರಿಯುತ್ತಿದ್ದವು. ಕ್ರೋಶಾದಲ್ಲಿ ದಾರಿ ಸುಲಭ. ಪ್ರತಿ ಸಾಲಿನಲ್ಲೂ ಇಷ್ಟು ಹೊಲಿಗೆಗೆ ಒಂದರಂತೆ ಹೆಚ್ಚುವರಿ ಹೊಲಿಗೆ ಹಾಕುತ್ತ ಹೋದರೆ ಆಯಿತು. ಅಂಚು ಬೆಳೆಯುತ್ತ ಬೆಳೆಯುತ್ತ ಜಾಗ ಸಾಲದೆ, ಸೀರೆಯ ನಿರಿಗೆಯಂತೆ ಮಡಿಚಿಕೊಳ್ಳುತ್ತದೆ. ಎರಡು ಕಡ್ಡಿಯ ಸ್ವೆಟರ್ ಹೆಣಿಗೆಯಲ್ಲಿ ಸಾಲಿನ ಅಷ್ಟೂ ಕುಣಿಕೆಗಳನ್ನು ಕಡ್ಡಿಯ ಮೇಲೆಯೇ ಹೊತ್ತುಕೊಂಡಿರಬೇಕು. ಕ್ರೋಶಾಕ್ಕೆ ಆ ಭಾರವಿಲ್ಲ.

ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದ್ದ ಅವಳಿ ಸಹೋದರಿಯರು ಮಾರ್ಗರೆಟ್ ಮತ್ತು ಕ್ರಿಸ್ಟೀನ್ ವರ್ಥೈಮ್ ಇದನ್ನು ಕಲಿತರು. ಮಾರ್ಗರೆಟ್ ಭೌತಶಾಸ್ತ್ರ ಓದಿದ ವಿಜ್ಞಾನ ಲೇಖಕಿ, ಕ್ರಿಸ್ಟೀನ್ ಕಲಾಶಾಲೆಯ ಅಧ್ಯಾಪಕಿ. ಲೆಕ್ಕ ತಪ್ಪದೆ ಹೆಣೆದರೆ ಬರುತ್ತಿದ್ದುದು ಅಚ್ಚುಕಟ್ಟಾದ ಗಣಿತದ ಮಾದರಿ. ಕ್ರಿಸ್ಟೀನ್ ಬೇಕೆಂದೇ ಲೆಕ್ಕ ತಪ್ಪಿಸಿ, ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ಹೊಲಿಗೆ ಹಾಕಿದಾಗ ನೂಲಿಗೆ ಜೀವ ಬಂದಂತಾಯಿತು. ಹವಳಗಳಿಗೂ ಕೆಲವು ಕಡಲ ಜೀವಿಗಳಿಗೂ ಇಂಥದೇ ಸುಕ್ಕು ಅಂಚು ಇರುತ್ತದಲ್ಲ!

ಸಹೋದರಿಯರ ತವರು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್. ಅದರ ಕರಾವಳಿಯುದ್ದಕ್ಕೂ ಸುಮಾರು 2,300 ಕಿಲೋಮೀಟರ್ ಹಬ್ಬಿದೆ ಗ್ರೇಟ್ ಬ್ಯಾರಿಯರ್ ರೀಫ್. ನೀರು ಬಿಸಿಯಾದಾಗ ಹವಳಗಳು ತಮ್ಮೊಳಗೆ ಬಾಳುವ ಪಾಚಿಯನ್ನು ಹೊರದಬ್ಬಿ ಬಿಳಿಚಿಕೊಳ್ಳುತ್ತವೆ. 1998ರಲ್ಲೂ 2002ರಲ್ಲೂ ಅಲ್ಲಿ ಹೀಗೆ ದೊಡ್ಡ ಪ್ರಮಾಣದಲ್ಲಿ ಆಗಿತ್ತು. 2005ರಲ್ಲಿ ಸಹೋದರಿಯರು ನೂಲಿನ ದಿಬ್ಬ ಕಟ್ಟಲು ಕುಳಿತದ್ದು ಈ ಸಂಕಟದಿಂದ.

ಇಬ್ಬರ ಕೈಯಲ್ಲಿ ಮುಗಿಯುವ ಕೆಲಸವಾಗಿರಲಿಲ್ಲ. ಹೆಣಿಗೆ ಬಲ್ಲವರೆಲ್ಲ ಒಂದೊಂದು ಹವಳ ಮಾಡಿ ಕೊಡಿ ಎಂದು ಕರೆ ಕೊಟ್ಟರು. ಬಂದವರಲ್ಲಿ ಬಹುಪಾಲು ಹೆಂಗಸರು. ಹೀಗೆ ಕೂಡಿಬಂದ ಹವಳಗಳು 2007ರಲ್ಲಿ ಪಿಟ್ಸ್‌ಬರ್ಗ್‌ನ ಆಂಡಿ ವಾರ್ಹಾಲ್ ಮ್ಯೂಸಿಯಂ, ಮರುವರ್ಷ ಲಂಡನ್ನಿನ ಹೇವರ್ಡ್ ಗ್ಯಾಲರಿ, 2010ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್, 2019ರಲ್ಲಿ ವೆನಿಸ್ ಬಿನಾಲೆ ಕಂಡವು. ಒಂದು ದಿಬ್ಬ ಪೂರ್ತಿ ಬಿಳಿ. ಇನ್ನೊಂದರಲ್ಲಿ ಉಲ್ಲನ್ ಬದಲು ಪ್ಲಾಸ್ಟಿಕ್ ಚೀಲಗಳ ಸೀಳು. ಕಡಲಿಗೆ ಸೇರುವ ಕಸವೇ ಅಲ್ಲಿ ನೂಲು.

ಜೊತೆಗೆ ಬೇರೆ ಬೇರೆ ದೇಶಗಳ ಊರುಗಳು ತಮ್ಮದೇ ದಿಬ್ಬ ಹೆಣೆದವು. ಪ್ರತಿ ಊರಿನದೂ ಬೇರೆ ಬಣ್ಣ, ಬೇರೆ ಗುಣ. 2022ರಲ್ಲಿ ಜರ್ಮನಿಯ ಬಾಡೆನ್-ಬಾಡೆನ್‌ನ ಪ್ರದರ್ಶನಕ್ಕೆ ಸುಮಾರು 4,000 ಜನ 40,000ದಷ್ಟು ಹವಳ ಕಳಿಸಿದರು.

ಇಷ್ಟು ಜನರ ಬಿಟ್ಟಿ ದುಡಿಮೆಯಿಂದ ಕಲಾವಿದೆಯರು ಹೆಸರು ಮಾಡಿದರಲ್ಲವೇ ಎಂದು ಯಾರಾದರೂ ಕೇಳಬಹುದು, ಕೇಳಲೇಬೇಕಾದ ಪ್ರಶ್ನೆ. ಹೆಣೆದವರ ಹೆಸರುಗಳನ್ನು ಬರೆದಿಟ್ಟು ಪ್ರಕಟಿಸುವುದನ್ನು ಸಹೋದರಿಯರು ಪದ್ಧತಿಯಾಗಿಸಿಕೊಂಡಿದ್ದಾರೆ. ಆ ಪ್ರಶ್ನೆಗೆ ಇದು ಪೂರ್ತಿ ಉತ್ತರವೇನಲ್ಲ. ಆದರೆ ಹೆಂಗಸರ ಸೂಜಿ-ನೂಲಿನ ಕೆಲಸದ ಮುಂದೆ ‘ಅನಾಮಿಕ’ ಎಂಬ ಚೀಟಿ ಇಟ್ಟು ಸುಮ್ಮನಾಗುತ್ತ ಬಂದ ಮ್ಯೂಸಿಯಂಗಳ ಮಟ್ಟಿಗೆ ಇದು ಸಣ್ಣ ಬದಲಾವಣೆಯೂ ಅಲ್ಲ.