ನಿತ್ಯವೂ ನೈಮಿತ್ತಿಕವೂ: ಸ್ಕೈಲೈನ್ ಜಿ.ಟಿ.-ಆರ್ ಮೋಟಾರಿನ ಮಾರ್ಪಾಟಿನ ಇತಿಹಾಸ

ಜಪಾನಿನಲ್ಲಿ ನಿರ್ಮಿತವಾಗಿ ಅನ್ಯದೇಶಗಳಿಗೆ ಹೋದ ವೇಗದ ಮೋಟಾರುಗಳಲ್ಲಿ ನಿಸ್ಸಾನ್ ಕಂಪೆನಿಯ ಸ್ಕೈಲೈನ್ ಜಿ.ಟಿ.-ಆರ್ ಸುಪ್ರಸಿದ್ಧವಾದುದು. ಅದರಲ್ಲಿಯೂ ೧೯೮೯ರಿಂದ ೧೯೯೪ರ ವರೆಗೆ ತಯಾರಾದ, ಆರ್-೩೨ ಎಂಬ ಸಂಕೇತವುಳ್ಳ ಮಾದರಿಯನ್ನು ಕೊಂಡವರು ಅದನ್ನು ಇದ್ದಂತೆಯೇ ಇಟ್ಟುಕೊಂಡುದು ವಿರಳ. ವಾರದ ದಿನಗಳಲ್ಲಿ ಕಚೇರಿಗೂ ಪೇಟೆಗೂ ಹೋಗಿಬರುವುದು, ರಜೆಯ ದಿನ ಅದೇ ವಾಹನವನ್ನು ಪಂದ್ಯದ ಸುತ್ತುದಾರಿಯಲ್ಲಿ ಪೂರ್ಣವೇಗದಿಂದ ಓಡಿಸುವುದು, ಈ ಎರಡಕ್ಕೂ ಒದಗುವಂತೆ ಅದನ್ನು ತಿದ್ದುವ ಪದ್ಧತಿಯು ಮೂರು ದಶಕಗಳಿಗೂ ಮಿಕ್ಕು ನಡೆದುಬಂದಿದೆ. ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ನಿತ್ಯ, ಎರಡನೆಯದು ನೈಮಿತ್ತಿಕ. ಒಂದೇ ದ್ರವ್ಯದಿಂದ ಎರಡನ್ನೂ ನಿರ್ವಹಿಸಬೇಕಾದಾಗ ಯಾವುದು ಯಾವುದಕ್ಕೆ ಬಾಧಕವಾಗುತ್ತದೆ ಎಂಬುದೇ ಇಲ್ಲಿ ವಿಚಾರಣೀಯ.

ಇಂತಹ ಮಾರ್ಪಾಟೆಲ್ಲವೂ ಮೂಲಕ್ಕೆ ಮಾಡಿದ ಅಪಚಾರವೆಂಬುದು ಪೂರ್ವಪಕ್ಷ. ಗ್ರಂಥಸಂಪಾದಕನು ಪ್ರಕ್ಷಿಪ್ತಗಳನ್ನು ತೆಗೆದು ಶುದ್ಧಪಾಠವನ್ನು ನಿರ್ಣಯಿಸುವಂತೆ, ಬಳಕೆದಾರರು ಸೇರಿಸಿದುದನ್ನೆಲ್ಲ ಕಿತ್ತು, ಕಾರ್ಖಾನೆಯಿಂದ ಹೊರಬಂದ ರೂಪಕ್ಕೆ ವಾಹನವನ್ನು ಮರಳಿಸಬೇಕೆಂದು ಈ ಪಕ್ಷದವರು ಹೇಳುತ್ತಾರೆ. ಈ ಮತಕ್ಕೆ ಇತ್ತೀಚೆಗೆ ಬಲ ಬಂದುದಕ್ಕೆ ಲೌಕಿಕವಾದ ಕಾರಣವೊಂದುಂಟು. ಅಮೆರಿಕಾ ಸಂಯುಕ್ತಸಂಸ್ಥಾನವು ೧೯೮೮ರ ಶಾಸನದಿಂದ ತನ್ನ ಸುರಕ್ಷಾನಿಯಮಗಳಿಗೆ ಹೊಂದದ ಪರದೇಶದ ಮೋಟಾರುಗಳ ಆಮದನ್ನು ಬಿಗಿಗೊಳಿಸಿತು. ತಯಾರಾಗಿ ೨೫ ವರ್ಷ ತುಂಬಿದವುಗಳಿಗೆ ಮಾತ್ರ ಆ ನಿಯಮಗಳಿಂದ ವಿನಾಯಿತಿ ಇದೆ. ೧೯೮೯ರ ಜಿ.ಟಿ.-ಆರ್‌ಗೆ ಆ ಬಾಗಿಲು ತೆರೆದುದು ೨೦೧೪ರಲ್ಲಿ. ತೆರೆದ ಕೂಡಲೇ ಬೆಲೆ ಏರಿತು. ಕೈ ಹಾಕದ ವಾಹನಕ್ಕೆ ಮತ್ತೂ ಹೆಚ್ಚು ಏರಿತು. ಬೆಲೆಯೇ ಪ್ರಮಾಣವೆಂದು ಒಪ್ಪುವವರಿಗೆ ಮುಂದೆ ಹೇಳುವುದೇನೂ ಉಳಿಯುವುದಿಲ್ಲ. ಆದರೆ ಮೂಲವೆಂಬುದು ಯಾವುದು ಎಂಬ ಪ್ರಶ್ನೆ ಇತಿಹಾಸಕ್ಕೆ ಸೇರಿದ್ದು. ಅದನ್ನು ಇತಿಹಾಸದಿಂದಲೇ ಪರಿಶೀಲಿಸಬೇಕು.

ಸ್ಕೈಲೈನ್ ಮೊದಲಿಗೆ ನಿಸ್ಸಾನಿನದಲ್ಲ. ಪ್ರಿನ್ಸ್ ಎಂಬ ಕಂಪೆನಿಯದು. ಆ ಕಂಪೆನಿ ೧೯೬೬ರಲ್ಲಿ ನಿಸ್ಸಾನಿನೊಡನೆ ಲೀನವಾಯಿತು. ಅದಕ್ಕೆ ಎರಡು ವರ್ಷ ಮೊದಲು, ೧೯೬೪ರ ಮೇ ತಿಂಗಳಿನಲ್ಲಿ, ಸುಝುಕಾದಲ್ಲಿ ನಡೆದ ಎರಡನೆಯ ಜಪಾನ್ ಗ್ರಾಂಡ್ ಪ್ರೀ ಪಂದ್ಯಕ್ಕಾಗಿ ಪ್ರಿನ್ಸ್‌ನ ಶಿಲ್ಪಿಗಳು ಮಾಡಿದ ಕೆಲಸ ಗಮನಾರ್ಹ. ಅವರಲ್ಲಿದ್ದ ಸ್ಕೈಲೈನ್ ನಾಲ್ಕು ಸಿಲಿಂಡರಿನ, ಒಂದೂವರೆ ಲೀಟರಿನ ಸಾಧು ಸಂಸಾರವಾಹನ. ಅದರ ಮೂತಿಯನ್ನು ಕತ್ತರಿಸಿ, ೨೦ ಸೆಂಟಿಮೀಟರು ನೀಳಮಾಡಿ, ತಮ್ಮದೇ ಗ್ಲೋರಿಯಾ ಎಂಬ ದೊಡ್ಡ ಕಾರಿನ ಆರು ಸಿಲಿಂಡರಿನ ಎರಡು ಲೀಟರು ಎಂಜಿನನ್ನು ಅವರು ಅದರೊಳಗೆ ಕೂರಿಸಿದರು. ಪಂದ್ಯವನ್ನು ಗೆದ್ದುದು ಪೋರ್ಷೆ ೯೦೪. ಎರಡರಿಂದ ಆರರ ವರೆಗಿನ ಸ್ಥಾನಗಳೆಲ್ಲ ಸ್ಕೈಲೈನಿಗೆ. ನಡುವೆ ಒಂದು ಸುತ್ತಿನಲ್ಲಿ ಇಕುಝಾವಾ ತೆತ್ಸು ಓಡಿಸುತ್ತಿದ್ದ ಸ್ಕೈಲೈನ್ ಪೋರ್ಷೆಯನ್ನೂ ಹಿಂದೆ ಹಾಕಿತು. ಜಪಾನಿನವರು ಇಂದಿಗೂ ನೆನೆಯುವುದು ಗೆದ್ದವನನ್ನಲ್ಲ, ಆ ಒಂದು ಸುತ್ತನ್ನು. ಜಿ.ಟಿ.-ಆರ್ ವಂಶದ ಮೂಲಪುರುಷನು ಇಂತು ಮಾರ್ಪಾಟಿನಿಂದಲೇ ಜನಿಸಿದವನು. ವಂಶದ ಆದಿಯಲ್ಲಿಯೇ ಗರಗಸವಿರುವಾಗ ಶುದ್ಧಪಾಠದ ವಾದ ಅಲ್ಲಿಯೇ ಶಿಥಿಲವಾಗುತ್ತದೆ.

೧೯೬೯ರಲ್ಲಿ ಜಿ.ಟಿ.-ಆರ್ ಎಂಬ ಹೆಸರು ಹುಟ್ಟಿ, ೧೯೭೩ರಲ್ಲಿ ಲುಪ್ತವಾಗಿ, ಹದಿನಾರು ವರ್ಷಗಳ ಬಳಿಕ ಆರ್-೩೨ರಲ್ಲಿ ಮರಳಿತು. ಈ ಮಾದರಿಯ ಎಂಜಿನಿನ ಗಾತ್ರ ೨೫೬೮ ಘನ ಸೆಂಟಿಮೀಟರು. ಈ ವಿಚಿತ್ರ ಸಂಖ್ಯೆಗೆ ಕಾರಣ ರಸ್ತೆಯಲ್ಲಿಲ್ಲ, ಪಂದ್ಯದ ನಿಯಮದಲ್ಲಿದೆ. ಗ್ರೂಪ್ ಎ ಪಂದ್ಯಗಳಲ್ಲಿ ಟರ್ಬೊ ಉಳ್ಳ, ಎಂದರೆ ತನ್ನ ಹೊಗೆಯ ರಭಸದಿಂದಲೇ ಹೆಚ್ಚು ಗಾಳಿಯನ್ನು ಒಳಕ್ಕೆ ತುಂಬಿಕೊಳ್ಳುವ, ಎಂಜಿನಿನ ಗಾತ್ರವನ್ನು ೧.೭ರಿಂದ ಗುಣಿಸಿ ವರ್ಗನಿರ್ಣಯ ಮಾಡುತ್ತಿದ್ದರು. ಗುಣಿಸಿದರೆ ೪೩೬೬ ಬರುತ್ತದೆ. ೪೫೦೦ರ ವರ್ಗಕ್ಕೆ ಸರಿಯಾಗಿ ಹೊಂದುತ್ತದೆ. ಜಪಾನಿನ ಆ ಪಂದ್ಯಮಾಲೆಯಲ್ಲಿ ೧೯೯೦ರಿಂದ ೧೯೯೩ರ ವರೆಗಿನ ೨೯ ಸ್ಪರ್ಧೆಗಳನ್ನೂ ಈ ಮೋಟಾರೇ ಗೆದ್ದಿತು. ಆಸ್ಟ್ರೇಲಿಯಾದ ಬಾಥರ್ಸ್ಟ್‌ನಲ್ಲಿ ೧೯೯೧ ಮತ್ತು ೧೯೯೨ರಲ್ಲಿ ಜಯ ಪಡೆಯಿತು.

ಹೀಗಿದ್ದರೂ ಮಾರಾಟದ ಮೋಟಾರಿಗೆ ಘೋಷಿಸಿದ ಶಕ್ತಿ ೨೮೦ ಮಾತ್ರ. ಜಪಾನಿನ ತಯಾರಕರೆಲ್ಲರೂ ಆ ಅಂಕೆಯನ್ನು ಮೀರಬಾರದೆಂದು ತಮ್ಮತಮ್ಮಲ್ಲಿ ಒಪ್ಪಿಕೊಂಡಿದ್ದರು. ಆ ಒಪ್ಪಂದ ೨೦೦೪ರಲ್ಲಿ ಮುಗಿಯಿತು. ಟರ್ಬೊವಿನ ಒತ್ತಡವನ್ನು ಆಳುವ ರಬ್ಬರು ಕೊಳವೆಯೊಳಗೆ ಕಿರಿದಾದ ರಂಧ್ರದ ಪುಟ್ಟ ತುಂಡೊಂದನ್ನು ಕಾರ್ಖಾನೆಯವರು ಇರಿಸಿದ್ದರು. ಅದನ್ನು ಕಿತ್ತ ಮಾತ್ರದಿಂದ ಒತ್ತಡವೂ ಶಕ್ತಿಯೂ ಏರುತ್ತವೆ. ಕರ್ತೃವೇ ಒಂದು ಚರಣವನ್ನು ಬೇಕೆಂದು ಬಿಟ್ಟು, ಅದು ಎಲ್ಲಿದೆಯೆಂಬ ಸೂಚನೆಯನ್ನೂ ಕೊಟ್ಟು ಹೋದಂತಾಯಿತು. ಅದನ್ನು ತುಂಬಿದವನನ್ನು ಪಾಠಕೆಡಿಸಿದವನೆನ್ನುವುದು ಹೇಗೆ?

ಆದರೆ ಸಿದ್ಧಾಂತವು ಇಷ್ಟಕ್ಕೇ ನಿಲ್ಲುವಂತಿಲ್ಲ. ಟರ್ಬೊವಿನೊಳಗಣ ಚಕ್ರವು ಪಿಂಗಾಣಿಯದು. ಹಗುರವಾದುದರಿಂದ ಬೇಗ ತಿರುಗುತ್ತದೆ, ಊರ ಸಂಚಾರಕ್ಕೆ ಅನುಕೂಲ. ಒತ್ತಡ ಮಿತಿಮೀರಿದರೆ ಅದು ಒಡೆಯುತ್ತದೆ. ಪಂದ್ಯಕ್ಕೆಂದು ಕಂಪೆನಿಯೇ ನಿರ್ಮಿಸಿದ ೫೬೦ ನಿಸ್ಮೋ ಮೋಟಾರುಗಳಲ್ಲಿ ಅದಕ್ಕೆ ಬದಲು ಲೋಹದ ಚಕ್ರವಿತ್ತು. ಹಿಂದಿನ ಗಾಜನ್ನು ಒರೆಸುವ ಕಡ್ಡಿಯೂ ಬ್ರೇಕು ಕಚ್ಚಿಕೊಳ್ಳದಂತೆ ಕಾಯುವ ಎ.ಬಿ.ಎಸ್. ಉಪಕರಣವೂ ಅವುಗಳಲ್ಲಿರಲಿಲ್ಲ. ನೈಮಿತ್ತಿಕಕ್ಕಾಗಿ ನಿತ್ಯವನ್ನು ಬಿಟ್ಟುಕೊಡುವ ದಾರಿಯನ್ನು ಮೊದಲು ತೋರಿಸಿದುದು ಕಾರ್ಖಾನೆಯೇ.

ಇದಕ್ಕಿಂತ ಗಹನವಾದುದು ಎಣ್ಣೆಯ ವಿಷಯ. ಆರಂಭದ ಎಂಜಿನುಗಳಲ್ಲಿ ಕ್ರ್ಯಾಂಕಿನ ತುದಿಯು ಎಣ್ಣೆಯ ಪಂಪನ್ನು ಹಿಡಿದು ತಿರುಗಿಸುವ ಭಾಗ ಬಹಳ ಕಿರಿದು. ಊರಿನಲ್ಲಿ ಇದರಿಂದ ಬಾಧೆ ತೋರದು. ಸುತ್ತುದಾರಿಯಲ್ಲಿ ಎಂಜಿನು ಗರಿಷ್ಠವೇಗದಲ್ಲಿ ಅದುರುತ್ತಿರಲು ಪಂಪಿನ ಹಲ್ಲುಚಕ್ರ ಸೀಳುತ್ತದೆ, ಎಣ್ಣೆ ನಿಲ್ಲುತ್ತದೆ, ಕ್ಷಣಮಾತ್ರದಲ್ಲಿ ಬೇರಿಂಗುಗಳು ಸುಟ್ಟು ಎಂಜಿನು ಹಾಳಾಗುತ್ತದೆ. ಇನ್ನೊಂದು ದೋಷವೂ ಉಂಟು: ದೀರ್ಘವಾದ ತಿರುವಿನಲ್ಲಿ ಮೇಲಕ್ಕೆ ಹೋದ ಎಣ್ಣೆ ಕೆಳಗಿನ ತೊಟ್ಟಿಗೆ ಬೇಗ ಇಳಿಯದೆ ತೊಟ್ಟಿ ಬರಿದಾಗುತ್ತದೆ. ಆದುದರಿಂದ ಅನುಭವಿಗಳಾದ ಕುಶಲಿಗಳು ಮೊದಲು ಕೈ ಹಾಕುವುದು ಶಕ್ತಿಗಲ್ಲ. ಅಗಲವಾದ ಹಿಡಿತ, ಗಟ್ಟಿ ಪಂಪು, ಅಡ್ಡಗೋಡೆಗಳುಳ್ಳ ದೊಡ್ಡ ತೊಟ್ಟಿ, ಎಣ್ಣೆಯನ್ನು ತಣಿಸುವ ಜಾಲರಿ, ಅನಂತರ ಬ್ರೇಕು. ಇಷ್ಟಾದ ಮೇಲೆಯೇ ಒತ್ತಡದ ಮಾತು. ಕಿರಿದಾದ ಹಿಡಿತವನ್ನು ಮುಂದಿನ ತಯಾರಿಕೆಗಳಲ್ಲಿ ಕಂಪೆನಿಯೇ ಅಗಲಗೊಳಿಸಿತು. ೧೯೯೩ರ ವಿ-ಸ್ಪೆಕ್ ಎಂಬ ಪ್ರಭೇದದಲ್ಲಿ ಬ್ರೇಕುಗಳನ್ನು ಹಿರಿದುಮಾಡಿತು. ಕರ್ತೃವೇ ತಿದ್ದಿಕೊಂಡ ಪಾಠವನ್ನು ಹಿಂದಿನ ಪ್ರತಿಯಲ್ಲಿ ಬರೆದುಕೊಳ್ಳುವುದನ್ನು ಅಪಚಾರವೆಂದು ಯಾವ ಸಂಪಾದಕನೂ ಹೇಳಲಾರನು.

ಉಳಿದ ಮಾರ್ಪಾಟುಗಳೆಲ್ಲ ಇಂತಹವಲ್ಲವೆಂಬುದನ್ನೂ ಹೇಳಬೇಕು. ಪಂದ್ಯದ ಬ್ರೇಕುಪಟ್ಟಿ ಕಾದ ಮೇಲೆಯೇ ಹಿಡಿಯತಕ್ಕದ್ದು. ಮುಂಜಾನೆಯ ಮೊದಲ ತಿರುವಿನಲ್ಲಿ, ಮಕ್ಕಳು ರಸ್ತೆ ದಾಟುವೆಡೆಯಲ್ಲಿ, ಅದು ಕೈಕೊಡುತ್ತದೆ. ಬಹು ಬಿರುಸಾದ ಸ್ಪ್ರಿಂಗು ನುಣುಪಾದ ಸುತ್ತುದಾರಿಯಲ್ಲಿ ಗುಣ, ಕುಳಿಗಳ ಬೀದಿಯಲ್ಲಿ ದೋಷ. ಅಲ್ಲಿ ಚಕ್ರವು ನೆಲವನ್ನೇ ಬಿಟ್ಟು ಪುಟಿಯುತ್ತದೆ. ದೊಡ್ಡ ಟರ್ಬೊ ಸಂದಣಿಯಲ್ಲಿ ಎಚ್ಚರಗೊಳ್ಳುವುದೇ ಇಲ್ಲ. ಇವು ನಿತ್ಯಬಾಧಕವಾದುದರಿಂದ ತ್ಯಾಜ್ಯ, ಅಥವಾ ಪಂದ್ಯದ ದಿನಕ್ಕೆ ಮಾತ್ರ ತೊಡಿಸತಕ್ಕವು. ಎಣ್ಣೆಯ ಪಂಪು ಹಾಗಲ್ಲ. ಅದು ಎರಡೂ ಕರ್ಮಗಳಿಗೆ ಉಪಕಾರಕ. ಎಲ್ಲ ಮಾರ್ಪಾಟನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಬೆಲೆಗಾಗಿ ಗಟ್ಟಿ ಪಂಪನ್ನು ತೆಗೆದು ಹಳೆಯ ಹಿಡಿತವನ್ನೇ ಮರಳಿ ಜೋಡಿಸುವವರು ಮೂಲವನ್ನು ಉಳಿಸುತ್ತಿಲ್ಲ, ಒಡೆಯುವುದನ್ನು ಉಳಿಸುತ್ತಿದ್ದಾರೆ.

ವಿವೇಕಿಗಳಾದ ಒಡೆಯರಲ್ಲಿ ಬೇರೊಂದು ಸಂಪ್ರದಾಯ ಬೆಳೆದಿದೆ. ಕಳಚಿದ ಮೂಲಭಾಗಗಳನ್ನು, ರಬ್ಬರು ಕೊಳವೆಯೊಳಗಣ ಆ ಪುಟ್ಟ ತುಂಡನ್ನೂ ಬಿಡದೆ, ಚೀಟಿ ಅಂಟಿಸಿ ಪೆಟ್ಟಿಗೆಯಲ್ಲಿ ಕಾದಿಡುತ್ತಾರೆ. ಮೋಟಾರು ಕೈಬದಲಾಗುವಾಗ ಪೆಟ್ಟಿಗೆಯೂ ಅದರೊಡನೆ ಹೋಗುತ್ತದೆ.