ಕೀಲು ಊದಿಕೊಂಡರೆ ಮೂಳೆ ಡಾಕ್ಟರೇ? ಆಟೋಇಮ್ಯೂನ್ ಕಾಯಿಲೆಗೆ ಯಾರನ್ನು ಕಾಣಬೇಕು?

"ಕೀಲು ನೋವಿದ್ದರೆ ಮೂಳೆ ಡಾಕ್ಟರ್ ಹತ್ತಿರ ಹೋಗಿ", "ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬಂದರೆ ಸಂಧಿವಾತ ಖಚಿತ", "ಇಮ್ಯೂನಿಟಿ ಹೆಚ್ಚಿಸುವ ಕಷಾಯ ಕುಡಿದರೆ ವಾಸಿ". ವಾಟ್ಸ್‌ಆ್ಯಪ್‌ನಲ್ಲಿ ಇಂಥ ಸಂದೇಶಗಳು ಆಗಾಗ ಬರುತ್ತಿರುತ್ತವೆ. ಮೂರೂ ದಾರಿ ತಪ್ಪಿಸುತ್ತವೆ.

ಏನಿದು ಆಟೋಇಮ್ಯೂನ್?

ರೋಗಾಣುಗಳ ವಿರುದ್ಧ ಹೋರಾಡಬೇಕಾದ ರೋಗನಿರೋಧಕ ವ್ಯವಸ್ಥೆ ನಮ್ಮದೇ ಅಂಗಾಂಗಗಳ ಮೇಲೆ ದಾಳಿ ಮಾಡುವುದೇ ಆಟೋಇಮ್ಯೂನ್ ಕಾಯಿಲೆ. ಇಲ್ಲಿ ತೊಂದರೆ ಇಮ್ಯೂನಿಟಿ ಕಡಿಮೆಯಾಗಿರುವುದಲ್ಲ, ಅದು ಗುರಿ ತಪ್ಪಿರುವುದು. ಹಾಗಾಗಿ ಅದನ್ನು "ಹೆಚ್ಚಿಸುವ" ಕಷಾಯದಿಂದ ಕಾಯಿಲೆ ವಾಸಿಯಾಗುವುದಿಲ್ಲ.

ಯಾವುದಕ್ಕೆ ಯಾರು?

ದಾಳಿ ಯಾವ ಅಂಗದ ಮೇಲೆ ನಡೆದಿದೆ ಎಂಬುದರ ಮೇಲೆ ತಜ್ಞರ ಆಯ್ಕೆ ನಿಂತಿದೆ.

• ರುಮಟಾಯ್ಡ್ ಸಂಧಿವಾತ, ಲೂಪಸ್: ರುಮಟಾಲಜಿಸ್ಟ್
• ಟೈಪ್ 1 ಮಧುಮೇಹ, ಥೈರಾಯ್ಡ್: ಎಂಡೋಕ್ರೈನಾಲಜಿಸ್ಟ್ (ಸಾಮಾನ್ಯ ಥೈರಾಯ್ಡ್ ಸಮಸ್ಯೆಯನ್ನು ಫಿಸಿಶಿಯನ್ನರೇ ನೋಡುತ್ತಾರೆ)
• ಸೋರಿಯಾಸಿಸ್, ತೊನ್ನು: ಚರ್ಮರೋಗ ತಜ್ಞರು. ಸೋರಿಯಾಸಿಸ್ ಜೊತೆ ಕೀಲೂ ಊದಿದ್ದರೆ ರುಮಟಾಲಜಿಸ್ಟ್ ಕೂಡ ನೋಡಬೇಕು
• ಮಲ್ಟಿಪಲ್ ಸ್ಕ್ಲೆರೋಸಿಸ್, ಮೈಸ್ತೇನಿಯಾ: ನರರೋಗ ತಜ್ಞರು
• ಕ್ರೋನ್ಸ್, ಸೀಲಿಯಾಕ್: ಗ್ಯಾಸ್ಟ್ರೊಎಂಟರಾಲಜಿಸ್ಟ್

ಮೂಳೆ ಡಾಕ್ಟರ್ ಯಾಕಲ್ಲ?

ಮೂಳೆ ಮುರಿತ, ಕೀಲು ಬದಲಾವಣೆಯಂಥ ಶಸ್ತ್ರಚಿಕಿತ್ಸೆ ಅವರ ಕ್ಷೇತ್ರ. ಸಂಧಿವಾತದ ದಾಳಿಯನ್ನು ಔಷಧಿಯಿಂದ ತಡೆಯುವುದು ರುಮಟಾಲಜಿಸ್ಟ್ ಕೆಲಸ. ಬೆರಳು, ಮಣಿಕಟ್ಟು ಊದಿಕೊಂಡು, ಬೆಳಗ್ಗೆ ಎದ್ದ ಮೇಲೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬಿಗಿತವಿದ್ದು, ಇದು ಆರು ವಾರ ಕಳೆದರೂ ಹೋಗದಿದ್ದರೆ ತಡ ಮಾಡಬೇಡಿ. ನೋವಿನ ಮಾತ್ರೆ ನುಂಗುತ್ತಾ ತಿಂಗಳುಗಟ್ಟಲೆ ಕಳೆದರೆ ಕೀಲು ಸವೆಯುತ್ತದೆ. ಸವೆದ ಕೀಲು ಮತ್ತೆ ಮೊದಲಿನಂತಾಗುವುದಿಲ್ಲ. ಈ ಕಾಯಿಲೆ ಪುರುಷರಿಗಿಂತ ಮಹಿಳೆಯರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಒಂದು ರಿಪೋರ್ಟ್ ಸಾಕೇ?

ಸಾಲದು. ಆರೋಗ್ಯವಂತರಲ್ಲೂ ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಬರಬಹುದು. ಕಾಯಿಲೆ ಇದ್ದವರಲ್ಲೂ ನೆಗೆಟಿವ್ ಬರಬಹುದು. ಎಲ್ಲ ಕೀಲು ನೋವೂ ಆಟೋಇಮ್ಯೂನ್ ಅಲ್ಲ. ಚಿಕೂನ್‌ಗುನ್ಯಾ ಬಂದು ಹೋದ ಮೇಲೆ ತಿಂಗಳುಗಟ್ಟಲೆ ನೋವು ಉಳಿಯಬಹುದು. ತುಮಕೂರು ಜಿಲ್ಲೆಯ ಪಾವಗಡದಂಥ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡ್ ಕೂಡ ಮೂಳೆ, ಕೀಲು ಹಿಡಿಯಲು ಕಾರಣ.

ನಿಟ್ಟೂರಿನಂಥ ಊರಿನವರು ಎಲ್ಲಿಂದ ಶುರು ಮಾಡಬೇಕು?

ನೇರವಾಗಿ ಬೆಂಗಳೂರಿನ ರೈಲು ಹತ್ತಬೇಕಿಲ್ಲ. ಮೊದಲು ಗುಬ್ಬಿ ತಾಲ್ಲೂಕು ಆಸ್ಪತ್ರೆಯಲ್ಲೋ ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲೋ ಫಿಸಿಶಿಯನ್ ಅವರನ್ನು ಕಾಣಿ. "ಇದು ಆಟೋಇಮ್ಯೂನ್ ಇರಬಹುದೇ? ಯಾವ ತಜ್ಞರಿಗೆ ತೋರಿಸಬೇಕು?" ಎಂದು ನೇರವಾಗಿ ಕೇಳಿ, ರೆಫರಲ್ ಚೀಟಿ ಪಡೆಯಿರಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ರುಮಟಾಲಜಿಗೆ ಪ್ರತ್ಯೇಕ ವಿಭಾಗವಿದೆ. ನರಗಳ ಕಾಯಿಲೆಗೆ ನಿಮ್ಹಾನ್ಸ್ ಇದೆ. ಬೋರ್ಡ್‌ನಲ್ಲಿ "ಸಂಧಿವಾತ ತಜ್ಞ" ಎಂದಿದ್ದರಷ್ಟೇ ಸಾಲದು, ರುಮಟಾಲಜಿಯಲ್ಲಿ ಡಿಎಂನಂಥ ಪದವಿ ಇದೆಯೇ ನೋಡಿ. ಹಳೆಯ ರಿಪೋರ್ಟ್, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ, ಊತ ಇದ್ದಾಗ ತೆಗೆದ ಫೋಟೊ ಜೊತೆಗಿರಲಿ. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬೇಡಿ.

ಉಸಿರಾಟ ಅಥವಾ ನುಂಗಲು ಕಷ್ಟವಾದರೆ, ಇದ್ದಕ್ಕಿದ್ದಂತೆ ಕಣ್ಣು ಮಂಜಾದರೆ, ಮೂತ್ರದಲ್ಲಿ ರಕ್ತ ಕಂಡರೆ ಯಾವ ತಜ್ಞರು ಎಂದು ಹುಡುಕುತ್ತಾ ಕೂರಬೇಡಿ. ಹತ್ತಿರದ ಆಸ್ಪತ್ರೆಗೆ ಅಂದೇ ಹೋಗಿ.

ಒಟ್ಟಾರೆ: "ಕೀಲು ನೋವಿಗೆ ಮೂಳೆ ಡಾಕ್ಟರ್" ಎಂಬುದು ಅರ್ಧ ಸತ್ಯ. ಆ ಸಂದೇಶ ನಿಮ್ಮ ಗ್ರೂಪಿಗೂ ಬಂದಿದ್ದರೆ ಫಾರ್ವರ್ಡ್ ಮಾಡುವ ಬದಲು ಈ ಪಟ್ಟಿಯನ್ನು ಕಳುಹಿಸಿ.