ಹದಿನಾರು-ಒಂಬತ್ತರ ರಾಜಿ

ಮೊನ್ನೆ ಅಮ್ಮ, "ಟಿವಿ ಸುಮ್ನೆ ಕಪ್ಪಗೆ ನಿಂತಿರತ್ತಲ್ಲೋ, ಏನಾದ್ರೂ ಚಿತ್ರ ಹಾಕು" ಅಂದಳು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ಹಲ್ದಂಕರ್ ಬರೆದ ದೀಪ ಹಿಡಿದ ಹೆಂಗಸಿನ ಜಲವರ್ಣ ಅವಳಿಗೆ ಅಚ್ಚುಮೆಚ್ಚು. ಪರದೆ ತುಂಬಾ ಹಾಕಿದೆ. ಮುಖ ಉಳಿಸಿದರೆ ಸೀರೆಯ ನೆರಿಗೆ ಹೋಯ್ತು, ನೆರಿಗೆ ಉಳಿಸಿದರೆ ಮುಖ!

ಈ ಅಗಲದ ಪರದೆ ಬಂದದ್ದಾದರೂ ಎಲ್ಲಿಂದ? ಹಳೇ ಟಿವಿ 4:3. ಸಿನಿಮಾ 2.35:1ರಷ್ಟು ಅಗಲ. 1980ರ ದಶಕದಲ್ಲಿ ಅಮೆರಿಕದ ಎಂಜಿನಿಯರ್ ಕರ್ನ್ಸ್ ಪವರ್ಸ್ ಒಂದೇ ವಿಸ್ತೀರ್ಣದ ಬೇರೆ ಬೇರೆ ಆಯತಗಳನ್ನು ಒಂದರ ಮೇಲೊಂದಿಟ್ಟು ನೋಡಿದರು. ಸಿಕ್ಕಿದ ರಾಜಿ 16:9. ರಾಜಿಯಾದದ್ದು ಟಿವಿಗೂ ಸಿನಿಮಾಕ್ಕೂ. ಚಿತ್ರಕಾರರನ್ನು ಯಾರೂ ಕೇಳಲಿಲ್ಲ.

ಪರದೆಯಲ್ಲಿ ಕಲೆ ತೋರಿಸುವ ಕನಸೂ ಹಳತೇ. ಮನೆಗಳ ಪರದೆಗೆ ಡಿಜಿಟಲ್ ಚಿತ್ರ ಒದಗಿಸಲೆಂದು 1989ರಲ್ಲಿ ಬಿಲ್ ಗೇಟ್ಸ್ ಕಂಪನಿ ತೆರೆದರು. ಅದೇ ಮುಂದೆ ಕಾರ್ಬಿಸ್ ಆಯಿತು. 2017ರಲ್ಲಿ ಸ್ಯಾಮ್‌ಸಂಗ್ 'ದಿ ಫ್ರೇಮ್' ತಂದಿತು. ಪರದೆಯ ಆಕಾರ ಮಾತ್ರ ಅದೇ 16:9.

ಸ್ವಲ್ಪ ಲೆಕ್ಕ ಹಾಕೋಣ. 4ಕೆ ಪರದೆ ಅಂದರೆ 3840×2160 ಪಿಕ್ಸೆಲ್. 3:4ರ ನಿಂತ ಚಿತ್ರವನ್ನು ಅಗಲಕ್ಕೆ ತುಂಬಿಸಿದರೆ 5120 ಎತ್ತರ ಬೇಕು. ಅರ್ಧಕ್ಕಿಂತ ಹೆಚ್ಚು ಕತ್ತರಿಗೆ ಬಲಿ. ಎತ್ತರಕ್ಕೆ ಹೊಂದಿಸಿದರೆ 1620 ಅಗಲ, ಎರಡೂ ಬದಿ 1110 ಖಾಲಿ.

ಆ ಖಾಲಿಗೆ ಮಾಸಲು ಬಿಳಿ ತುಂಬಿದೆ, ಫ್ರೇಮ್ ಹಾಕೋರು ಚಿತ್ರದ ಸುತ್ತ ಮೌಂಟ್ ಬಿಡ್ತಾರಲ್ಲ, ಹಾಗೆ. ಟಿವಿಯ ಹೊಳಪನ್ನೂ ಇಳಿಸಿದೆ. ಅಮ್ಮ ನೋಡಿ, "ಈಗ ಪೂರ್ತಿ ಕಾಣ್ತಾಳೆ" ಅಂದಳು.

ನೀವಾಗಿದ್ರೆ ಕತ್ತರಿಸ್ತಿದ್ರೋ, ಜಾಗ ಬಿಡ್ತಿದ್ರೋ?